ಸಹಾಯ ಬೇಕು: ಒಂದೇ ಆರ್ಡರ್‌ಗೆ ಎರಡು ಪೇಮೆಂಟ್ ಲಿಂಕ್ ಕಳಿಸುತ್ತಿರುವ ಎಐ ಏಜೆಂಟ್

ಎಲ್ಲರಿಗೂ ನಮಸ್ಕಾರ. ಚಿಕ್ಕಮ್ಮನ ಉಪ್ಪಿನಕಾಯಿ ವ್ಯಾಪಾರಕ್ಕೆ ಒಂದು ಎಐ ಏಜೆಂಟ್ ಮಾಡಿಕೊಟ್ಟಿದ್ದೇನೆ. ವಾಟ್ಸಾಪ್‌ನಲ್ಲಿ ಆರ್ಡರ್ ಬಂದರೆ ಏಜೆಂಟೇ ಪೇಮೆಂಟ್ ಲಿಂಕ್ ಮಾಡಿ ಕಳಿಸುತ್ತದೆ. ಎರಡು ಪೇಮೆಂಟ್ ಗೇಟ್‌ವೇ (ಆನ್‌ಲೈನ್‌ನಲ್ಲಿ ದುಡ್ಡು ಪಡೆಯುವ ಸೇವೆ) ಇವೆ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಎರಡನ್ನೂ ಒಂದೇ ಎಂಸಿಪಿ ಸರ್ವರ್ (ಹೊರಗಿನ ಸೇವೆಗಳನ್ನು ಏಜೆಂಟ್ ಬಳಸುವಂತೆ ಟೂಲ್ ರೂಪದಲ್ಲಿ ಕೊಡುವ ಪ್ರೋಗ್ರಾಂ) ಹಿಂದೆ ಇಟ್ಟಿದ್ದೇನೆ, ಏಜೆಂಟ್‌ಗೆ ಕಾಣುವುದು 'ಲಿಂಕ್ ಮಾಡು' ಅನ್ನುವ ಒಂದೇ ಟೂಲ್.

ಒಂದು ಗೇಟ್‌ವೇಗೆ ಮೊತ್ತ ಪೈಸೆಯಲ್ಲಿ ಕೊಡಬೇಕು, ಇನ್ನೊಂದಕ್ಕೆ ರೂಪಾಯಿಯಲ್ಲಿ. ಮೊದಲ ದಿನವೇ 640 ರೂಪಾಯಿ ಆರ್ಡರ್‌ಗೆ 6 ರೂಪಾಯಿ 40 ಪೈಸೆಯ ಲಿಂಕ್ ಹೋಗಿ ಚಿಕ್ಕಮ್ಮನ ಕೈಲಿ ಚೆನ್ನಾಗಿ ಬೈಸಿಕೊಂಡೆ. ಅದನ್ನು ಸರಿಮಾಡಿದ್ದಾಯಿತು.

ಈಗಿನ ತಲೆನೋವು ಬೇರೆ. ಮೊದಲ ಗೇಟ್‌ವೇ ಉತ್ತರ ಕೊಡುವುದು ತಡವಾದರೆ ಟೈಮ್‌ಔಟ್ ಆಗುತ್ತದೆ, ಏಜೆಂಟ್ ಸುಮ್ನೆ ಇರದೆ ಮತ್ತೆ ಟೂಲ್ ಕರೆಯುತ್ತದೆ, ಸರ್ವರ್ ಎರಡನೇ ಗೇಟ್‌ವೇಗೆ ಹೋಗುತ್ತದೆ, ಆದರೆ ಅಷ್ಟರಲ್ಲಿ ಮೊದಲನೆಯದರಲ್ಲೂ ಲಿಂಕ್ ಆಗಿ ಗ್ರಾಹಕರಿಗೆ ಎಸ್ಸೆಮ್ಮೆಸ್ ಹೋಗಿರುತ್ತದೆ. ಮೊನ್ನೆ ಒಬ್ಬರು ಎರಡಕ್ಕೂ ದುಡ್ಡು ಕಟ್ಟಿಬಿಟ್ಟರು, ಪಾಪ. ರೀಫಂಡ್ ಮಾಡಿದೆ.

'ಎರಡು ಸಲ ಕರೆಯಬೇಡ' ಅಂತ ಪ್ರಾಂಪ್ಟ್‌ನಲ್ಲಿ ಬರೆದೆ, ಕೆಲವು ಸಲ ಕೇಳುತ್ತದೆ, ಕೆಲವು ಸಲ ಇಲ್ಲ. ಐಡೆಂಪೊಟೆನ್ಸಿ ಕೀ ಹಾಕಿದೆ, ಅಂದರೆ ಅದೇ ಕೋರಿಕೆ ಮತ್ತೆ ಬಂದರೆ ಗೇಟ್‌ವೇ ಗುರುತಿಸಿ ಇನ್ನೊಂದು ಲಿಂಕ್ ಮಾಡದಿರಲಿ ಅಂತ ಜೊತೆಗೆ ಕಳಿಸುವ ಗುರುತು. ಆದರೆ ಅದನ್ನು ಏಜೆಂಟೇ ಪ್ರತಿ ಸಲ ಹೊಸದಾಗಿ ಹುಟ್ಟಿಸುತ್ತಿತ್ತು, ಏನು ಪ್ರಯೋಜನ ಅಲ್ವಾ? ಈಗ ಆರ್ಡರ್ ನಂಬರನ್ನೇ ಕೀ ಮಾಡಿದ್ದೇನೆ. ಒಂದೇ ಗೇಟ್‌ವೇ ಆದರೆ ಸರಿ, ಎರಡನೆಯದಕ್ಕೆ ಹೋದರೆ ಅದಕ್ಕೆ ಮೊದಲಿನದು ಗೊತ್ತೇ ಇರುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಟೈಮ್‌ಔಟ್ ಆದಾಗ ಸರ್ವರ್ ಮೊದಲ ಗೇಟ್‌ವೇಯಲ್ಲಿ ಸ್ಟೇಟಸ್ ನೋಡಿ, ಹಳೇ ಲಿಂಕ್ ಕ್ಯಾನ್ಸಲ್ ಮಾಡಿ ಆಮೇಲೆ ಎರಡನೆಯದಕ್ಕೆ ಹೋಗಬೇಕಾ, ಅಥವಾ ಲಿಂಕ್ ವಿಷಯದಲ್ಲಿ ಗೇಟ್‌ವೇ ಬದಲಿಸುವುದನ್ನೇ ಬಿಡಬೇಕಾ? ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.