ಮೊದಲು ಅಪ್ಪನ ಚೀಲ ನೋಡು ಸುಮಾ

ಸುಮಾ, ನಿನ್ನ ಮೆಸೇಜು ಈಗಷ್ಟೇ ಕಂಡಿತು. ಗ್ರೂಪಿನಲ್ಲಿ ಯಾರೋ ಹಾಕಿದ ಶುಭೋದಯದ ಹೂವುಗಳ ಅಡಿಯಲ್ಲಿ ಬಿದ್ದಿತ್ತು. ಮೂರು ಮಾತ್ರೆ ತಿಂದರೂ ಅಪ್ಪನ ಬೀಪಿ 170/100, ಕಿಡ್ನಿ ಹೇಗುಂಟು ಅಂತ ತೋರಿಸುವ ಕ್ರಿಯೇಟಿನಿನ್ 1.6, ಈಗ ನಾಲ್ಕನೆಯ ಮಾತ್ರೆ ಬರೆದಿದ್ದಾರೆ, ಇಷ್ಟೆಲ್ಲ ತಿಂದರೆ ಕಿಡ್ನಿ ಹೋಗುವುದಿಲ್ವಾ ಅಂತ ಕೇಳಿದ್ದೀಯಲ್ಲ. ನನಗೆ ಟೈಪ್ ಮಾಡಲಿಕ್ಕೆ ಕಣ್ಣು ಸಮ ಕಾಣುವುದಿಲ್ಲ, ಮಾತಾಡಿಯೇ ಹೇಳುತ್ತೇನೆ. ಉದ್ದ ಆದರೆ ಬೈಬೇಡಿ.

ನಿನ್ನ ಅಪ್ಪ, ನನ್ನ ತಮ್ಮ, ಎಂಥವನು ಅಂತ ನನಗೆ ಗೊತ್ತಿಲ್ವಾ? ಮೊದಲು ಅವನ ಚೀಲ ನೋಡು. ಗಂಟುನೋವಿನ ಮಾತ್ರೆ ಉಂಟಾ ಅಂತ ನೋಡು. ಅದನ್ನು ಡಾಕ್ಟರರಿಂದ ಮುಚ್ಚಿಡಬಾರದು.

ನನ್ನದೇ ಕತೆ. 2018ರ ಮಳೆಗಾಲ. ಕಿನ್ನಿಮುಲ್ಕಿ ಮನೆಯ ಮೆಟ್ಟಿಲು ನಿಮಗೆಲ್ಲ ಗೊತ್ತಲ್ಲ, ಮೊಣಕಾಲು ಹಿಡಿದುಬಿಟ್ಟಿತ್ತು. ಮೆಡಿಕಲ್ ಹುಡುಗ ಡೈಕ್ಲೋಫೆನಾಕ್ ಅಂತ ನೋವಿನ ಮಾತ್ರೆ ಕೊಟ್ಟ. ಬೆಳಿಗ್ಗೆ ಒಂದು, ರಾತ್ರಿ ಒಂದು, ನಾಲ್ಕು ತಿಂಗಳು ನುಂಗಿದೆ. ಆಹಾ, ಎಂಥ ಸುಖ! ಡಾಕ್ಟರರು ಬೀಪಿ ಮಾತ್ರೆ ತಪ್ಪದೆ ತಗೊಳ್ತೀರಾ ಅಂತ ಮಾತ್ರ ಕೇಳುತ್ತಿದ್ದರು, ನಾನೂ ಅಷ್ಟಕ್ಕೇ ಉತ್ತರ ಕೊಡುತ್ತಿದ್ದೆ. ಬೀಪಿಗೆ ಅಂತ ಆಮ್ಲೋಡಿಪಿನ್ ಆಯ್ತು, ಟೆಲ್ಮಿಸಾರ್ಟನ್ ಆಯ್ತು, ಮೂತ್ರ ಹೋಗುವ ಮಾತ್ರೆಯೂ ಆಯ್ತು. ಬೀಪಿ 180ರಿಂದ ಇಳಿಯಲಿಲ್ಲ.

ಆಮೇಲೆ ಒಂದು ಪೂಜೆಯ ಊಟ ಮಾಡಿ ಬಂದು ಎರಡು ದಿನ ಭೇದಿ. ಮೂರನೆಯ ದಿನ ಮೂತ್ರವೇ ಇಲ್ಲ. ಕ್ರಿಯೇಟಿನಿನ್ 3.2! ಆಸ್ಪತ್ರೆಯಲ್ಲಿ ಒಬ್ಬಳು ಸಣ್ಣ ಡಾಕ್ಟರ್ ಹುಡುಗಿ ನನ್ನ ಚೀಲವನ್ನು ಮಂಚದ ಮೇಲೆ ಸುರಿದಳು. ಡೈಕ್ಲೋಫೆನಾಕ್ ಸ್ಟ್ರಿಪ್ ಎತ್ತಿ ಹಿಡಿದು, "ಅಮ್ಮಾ, ಇದನ್ನು ಯಾರು ಬರೆದುಕೊಟ್ಟದ್ದು?" ಅಂತ ಕೇಳಿದಳು. ನನ್ನ ಬಾಯಿ ಕಟ್ಟಿತು. ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತದಂತೆ. ಉಪ್ಪು ನೀರು ಮೈಯಲ್ಲೇ ನಿಲ್ಲುತ್ತದಂತೆ. ಮತ್ತೆ ಬೀಪಿ ಇಳಿಯುವುದು ಹೇಗೆ? ಅದರ ಜೊತೆ ಟೆಲ್ಮಿಸಾರ್ಟನ್, ಮೂತ್ರದ ಮಾತ್ರೆ, ಮೇಲಿಂದ ಭೇದಿ. ಕಿಡ್ನಿ ಎಷ್ಟು ಅಂತ ತಡೆಯುತ್ತದೆ? ನೋವಿನ ಮಾತ್ರೆ ಬಿಟ್ಟ ಮೇಲೆ ಅದೇ ಮೂರು ಮಾತ್ರೆಗೆ ಬೀಪಿ 140ಕ್ಕೆ ಬಂತು. ಕ್ರಿಯೇಟಿನಿನ್ ಮಾತ್ರ 1.5ಕ್ಕೆ ಬಂದು ನಿಂತಿತು. ಮೊದಲು 0.9 ಇತ್ತು ಮಾರಾಯ್ತಿ.

ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಗಂಟುನೋವಿನ ಮಾತ್ರೆಯನ್ನು ಡಾಕ್ಟರರಿಂದ ಮುಚ್ಚಿಡಬಾರದು. ತಲೆನೋವಿಗೆ ಐಬುಪ್ರೊಫೆನ್ ತಿಂದರೂ ಅದೇ ಜಾತಿ.

ಇನ್ನು ಉಪ್ಪು. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ, ಎಲ್ಲ ಸೇರಿ. ಗಂಜಿಗೆ ಒಂದು ಮಿಡಿ ಉಪ್ಪಿನಕಾಯಿ ಹಾಕಿಕೊಂಡರೆ ಅದರಲ್ಲೇ ಎಷ್ಟೋ ಮುಗಿಯಿತು. ಮಿಡಿ ಅಂದಾಗ ನೆನಪಾಯಿತು. ವರ್ಷಾ ವರ್ಷಾ ಮೂರು ಭರಣಿ ಹಾಕುತ್ತೇನೆ, ಬೆಂಗಳೂರಿಗೆ ಒಯ್ಯಲಿಕ್ಕೆ ಎಲ್ಲರೂ ಡಬ್ಬ ಹಿಡಿದುಕೊಂಡು ಬರುತ್ತೀರಿ. ಆಸ್ಪತ್ರೆಯಲ್ಲಿ ಏಳು ದಿನ ಮಲಗಿದ್ದಾಗ ಯಾರು ಬಂದದ್ದು? ಗ್ರೂಪಿನಲ್ಲಿ ಕೈ ಮುಗಿಯುವ ಚಿತ್ರ ಹದಿನಾಲ್ಕು ಬಂದಿತ್ತು, ಎಣಿಸಿದ್ದೇನೆ. ಒಬ್ಬರು ಅದರ ಕೆಳಗೇ ಈ ಸಲ ಮಿಡಿ ಹಾಕಿದ್ದೀರಾ ಅತ್ತೆ ಅಂತ ಕೇಳಿದ್ದರು. ಹೆಸರು ಹೇಳುವುದಿಲ್ಲ. ಅವರಿಗೆ ಗೊತ್ತುಂಟು.

ಅಯ್ಯೋ, ಸುಮಾ, ನೀನು ಕೇಳಿದ್ದೇ ಬಿಟ್ಟುಹೋಯಿತು. ಯಾವ ಬೀಪಿ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬೇಡಿ. ಕಿಡ್ನಿ ತಿನ್ನುವುದು ಇಳಿಯದ ಬೀಪಿ. ನಾಲ್ಕನೆಯದ್ದು ಸ್ಪೈರೊನೊಲ್ಯಾಕ್ಟೋನ್ ಆಗಿದ್ದರೆ ಪೊಟ್ಯಾಸಿಯಮ್, ಕ್ರಿಯೇಟಿನಿನ್ ಯಾವಾಗ ನೋಡಬೇಕು ಅಂತ ಕೇಳು, ನನಗೆ ಒಂದು ವಾರಕ್ಕೇ ನೋಡಿದ್ದರು. ಆ ಮಾತ್ರೆಗೆ ಪೊಟ್ಯಾಸಿಯಮ್ ಏರುತ್ತದೆ, ಹಾಗಾಗಿ ಪೊಟ್ಯಾಸಿಯಮ್ ಇರುವ ಬೊಂಡ, ಅದೇ ಎಳನೀರು, ದಿನಾ ಕುಡಿಸಬೇಡ. ಬಿಂಬುಳಿ ಅನ್ನುವ ಹುಳಿಕಾಯಿಯ ಜ್ಯೂಸು ಬೀಪಿಗೆ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ಕೇಳಲೇಬೇಡ, ಅದು ಕಿಡ್ನಿಯನ್ನೇ ಕೆಡಿಸುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಹೋಗುತ್ತದಾ ಅಂತಲೂ ನೋಡಿಸು. ಮನೆಯಲ್ಲಿ ಐದು ನಿಮಿಷ ಸುಮ್ನೆ ಕೂರಿಸಿ, ತೋಳಿಗೆ ಕಟ್ಟುವ ಮಿಷನಿನಲ್ಲಿ ಬೆಳಿಗ್ಗೆ ಸಂಜೆ ನೋಡಿ ಬರೆದಿಡು. ಮತ್ತೆ ಅವನ ಗೊರಕೆ, ಅದನ್ನೂ ಡಾಕ್ಟರರಿಗೆ ಹೇಳು. ನಿದ್ದೆಯಲ್ಲಿ ಉಸಿರು ಕಟ್ಟಿದರೂ ಬೀಪಿ ಇಳಿಯುವುದಿಲ್ಲವಂತೆ.

ಇದನ್ನು ಕೇಳಿದರೆ ನಿನ್ನ ಅಪ್ಪ ಗ್ರೂಪ್ ಬಿಡುತ್ತಾನೆ. ಬಿಡಲಿ. ಕುಕ್ಕರ್ ಕೂಗಿತು, ಇಡುತ್ತೇನೆ.