ಸಹಾಯ ಬೇಕು: ಎಸ್‌ಪಿಎಫ್, ಡಿಕಿಮ್ ಪಾಸ್, ಡಿಮಾರ್ಕ್ ಮಾತ್ರ ಫೇಲ್

ಗೆಳೆಯರೇ, ಜಿಮೇಲ್‌ಗೆ ದಿನಕ್ಕೆ 5000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಎಸ್‌ಪಿಎಫ್ (ಡೊಮೇನಿನ ಪರವಾಗಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ), ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ), ಡಿಮಾರ್ಕ್ (ಇವು ಫ್ರಮ್ ವಿಳಾಸದ ಡೊಮೇನಿಗೆ ಹೊಂದುತ್ತವೆಯೇ ಎಂಬ ಪರೀಕ್ಷೆ) ಈ ಮೂರೂ ಕಡ್ಡಾಯ. ನಮ್ಮ ಮೇಲ್‌ನ ಹೆಡರ್ (ಕಳಿಸಿದ ವಿವರಗಳಿರುವ ಭಾಗ) ನೋಡಿದರೆ ಡಿಮಾರ್ಕ್ ಫೇಲ್ ಆಗುವ ಕಾರಣ ಸ್ಪಷ್ಟ: ಎಸ್‌ಪಿಎಫ್ ನೋಡುವ ರಿಟರ್ನ್-ಪಾತ್‌ನಲ್ಲೂ (ತಲುಪದ ಮೇಲ್ ಮರಳುವ ವಿಳಾಸ) ಡಿಕಿಮ್ ಸಹಿ ಹಾಕಿದ ಡೊಮೇನ್ ತಿಳಿಸುವ ‘ಡಿ=’ನಲ್ಲೂ ಮೇಲ್ ಸೇವೆಯವರ ಡೊಮೇನ್ ಇದೆ, ಫ್ರಮ್ ವಿಳಾಸದಲ್ಲಿ ನಮ್ಮದು. ಎರಡರಲ್ಲಿ ಒಂದಾದರೂ ನಮ್ಮದಕ್ಕೆ ಹೊಂದಲೇಬೇಕು. ಎಸ್‌ಪಿಎಫ್‌ಗೆ ಇನ್ನೊಂದು ಇನ್‌ಕ್ಲೂಡ್ (ಬೇರೆ ಡೊಮೇನಿನ ಪಟ್ಟಿಯನ್ನೂ ಒಪ್ಪುವ ಸೂಚನೆ) ಸೇರಿಸಿದರೆ ಇದು ಸರಿಹೋಗದು, 10 ಡಿಎನ್‌ಎಸ್ ಲುಕಪ್ (ಡೊಮೇನ್ ದಾಖಲೆಗಳ ಹುಡುಕಾಟ) ಮೀರಿದರೆ ಪರ್ಮ್‌ಎರರ್ (ಶಾಶ್ವತ ದೋಷ) ಬೇರೆ.

ಹಾಗಾಗಿ ನಮ್ಮ ಡೊಮೇನಿನಲ್ಲೇ 2048 ಬಿಟ್ ಡಿಕಿಮ್ ಕೀ ಹಾಕಬೇಕಿದೆ. ಕೀ ಇಡುವ ಟಿಎಕ್ಸ್‌ಟಿ ರೆಕಾರ್ಡಿನಲ್ಲಿ (ಡಿಎನ್‌ಎಸ್‌ನ ಪಠ್ಯ ದಾಖಲೆ) ಒಂದು ಸ್ಟ್ರಿಂಗ್‌ಗೆ 255 ಅಕ್ಷರವೇ ಮಿತಿ, ಈ ಕೀ ಅದಕ್ಕಿಂತ ಉದ್ದ. ಎರಡು ತುಂಡು ಮಾಡಿ ಕೊಟ್ಟರೆ ಡಿಎನ್‌ಎಸ್ ಪ್ಯಾನೆಲ್ ನಡುವಿನ ಉದ್ಧರಣ ಚಿಹ್ನೆಯನ್ನೂ ಕೀಯೊಳಗೇ ಸೇರಿಸುತ್ತಿದೆ. 1024 ಬಿಟ್‌ಗೆ ಇಳಿಯಲು ಮನಸ್ಸಿಲ್ಲ. ಸೆಲೆಕ್ಟರನ್ನು (ಕೀ ಎಲ್ಲಿದೆ ಎಂದು ತೋರುವ ಹೆಸರು) ಸಿನೇಮ್ (ಒಂದು ಹೆಸರನ್ನು ಇನ್ನೊಂದಕ್ಕೆ ತಿರುಗಿಸುವ ಡಿಎನ್‌ಎಸ್ ದಾಖಲೆ) ಮೂಲಕ ಸೇವೆಯವರತ್ತ ತಿರುಗಿಸಿದವರು ಯಾರಾದರೂ ಇದ್ದೀರಾ? ಕೀ ಬದಲಾದಾಗ ತೊಂದರೆ ಬಂತೇ? ದಯವಿಟ್ಟು ತಿಳಿಸಿ.