ಶೀಟ್ ಮಾಡಿನ ಡ್ರಾಯಿಂಗ್ ಡೇಟಾಬೇಸಿನಿಂದಲೇ ಬರಬೇಕು, ಯಾವ ಭಾಷೆ ಕಲಿಯಲಿ?

ಪ್ರಶ್ನೆ (ಡ್ರಾಫ್ಟ್ಸ್‌ಮನ್, ಉಡುಪಿ): ಮೇಡಂ, ನಮ್ಮದು ಫ್ಯಾಬ್ರಿಕೇಶನ್ ವರ್ಕ್‌ಶಾಪ್. ಟೆರೇಸಿನ ಮೇಲೆ ಟ್ರಸ್ ನಿಲ್ಲಿಸಿ ಶೀಟ್ ಹಾಕುವ ಕೆಲಸ. ಮಳೆ ಹಿಡಿಯುವ ಮೊದಲು ಎಲ್ಲರಿಗೂ ಮಾಡು ಆಗಬೇಕು, ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ನನಗೆ ಊಟಕ್ಕೂ ಪುರುಸೊತ್ತಿಲ್ಲ. ಅಳತೆ ತೆಗೆದವರು ಅಗಲ, ಉದ್ದ, ನಡುವಿನ ಎತ್ತರ, ಪೈಪಿನ ಸೈಜು ಎಲ್ಲವನ್ನೂ ಆಕ್ಸೆಸ್ ಡೇಟಾಬೇಸಿಗೆ ಹಾಕಿರುತ್ತಾರೆ. ಅದನ್ನು ನೋಡಿಕೊಂಡು ನಾನು ಆಟೋಕ್ಯಾಡಿನಲ್ಲಿ ಪ್ರತಿ ಸಲ ಮೊದಲಿಂದ ಬಿಡಿಸುತ್ತೇನೆ. ಅಳತೆ ಬಿಟ್ಟರೆ ಉಳಿದದ್ದೆಲ್ಲ ಒಂದೇ. ಆಟೋಲಿಸ್ಪ್ (ಆಟೋಕ್ಯಾಡಿನದೇ ಭಾಷೆ), ವಿಬಿಎ (ಮೈಕ್ರೋಸಾಫ್ಟಿನ ಮ್ಯಾಕ್ರೋ ಭಾಷೆ), ಸಿ ಶಾರ್ಪ್, ಪೈಥಾನ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಡಿಪ್ಲೊಮಾದಲ್ಲಿ ಸ್ವಲ್ಪ ಸಿ ಕಲಿತಿದ್ದೆ, ಅಷ್ಟೇ.

ಉತ್ತರ: ನಿಮ್ಮ ಕೆಲಸಕ್ಕೆ ಪೈಥಾನ್ ಸಾಕು. ನೀವು ಹಳೆಯ ಡ್ರಾಯಿಂಗ್ ತಿದ್ದುತ್ತಿಲ್ಲ, ದಾಖಲೆಯಿಂದ ಹೊಸದನ್ನೇ ಹುಟ್ಟಿಸುತ್ತಿದ್ದೀರಿ. ಡೇಟಾಬೇಸಿಗೆ ಕೊಂಡಿ ಹಾಕುವ ಪೈಒಡಿಬಿಸಿ ಲೈಬ್ರರಿಯ ಮೂಲಕ ಆಕ್ಸೆಸ್ ಓದಬಹುದು. ಈಜಿಡಿಎಕ್ಸ್‌ಎಫ್ ಎಂಬ ಉಚಿತ ಲೈಬ್ರರಿಯಿಂದ ಆಟೋಕ್ಯಾಡ್ ತೆರೆಯಬಲ್ಲ ಡಿಎಕ್ಸ್‌ಎಫ್ ಎಂಬ ಡ್ರಾಯಿಂಗ್ ಫೈಲನ್ನು ನೇರ ಬರೆಯಬಹುದು, ಆಗ ಆಟೋಕ್ಯಾಡ್ ತೆರೆದಿರಬೇಕೆಂದೂ ಇಲ್ಲ. ಒಂದು ಕಡೆ ಮಾತ್ರ ಎಚ್ಚರ: ಪೈಥಾನ್ 64 ಬಿಟ್, ಆಕ್ಸೆಸ್ ಡ್ರೈವರ್ 32 ಬಿಟ್ ಆಗಿದ್ದರೆ ಎರಡೂ ಮಾತಾಡುವುದಿಲ್ಲ.

ವಿಬಿಎ ಈಗ ಶುರುಮಾಡುವುದು ಬೇಡ. 2010ರ ಆವೃತ್ತಿಯಿಂದ ಅದು ಆಟೋಕ್ಯಾಡಿನ ಜೊತೆ ಬರುವುದಿಲ್ಲ, ಬೇರೆಯೇ ಇನ್‌ಸ್ಟಾಲ್ ಮಾಡಬೇಕು. ಸಿ ಶಾರ್ಪ್ ಗಟ್ಟಿ ಭಾಷೆ, ಆದರೆ ಒಬ್ಬ ಡ್ರಾಫ್ಟ್ಸ್‌ಮನ್‌ಗೆ ಅಷ್ಟು ಹೊರೆ ಯಾಕೆ?

ನಿಜವಾದ ಕಷ್ಟ ಇರುವುದು ನಿಮ್ಮ ಕೈಗೆ ರೂಢಿಯಾದ ಲೆಕ್ಕವನ್ನು ಬರೆದಿಡುವುದರಲ್ಲಿ. ಉದಾಹರಣೆಗೆ ಅಗಲ 9 ಮೀಟರ್, ನಡುವಿನ ಎತ್ತರ 1.2 ಮೀಟರ್ ಅಂದುಕೊಳ್ಳಿ. ಅರ್ಧ ಅಗಲ 4.5. ಅದರ ವರ್ಗಕ್ಕೆ 1.2ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಒಂದು ಬದಿಯ ಇಳಿಜಾರು ಸುಮಾರು 4.657 ಮೀಟರ್. ಪರ್ಲಿನ್ (ಶೀಟ್ ಹೊರುವ ಅಡ್ಡ ಪೈಪು) ಅಂತರ 1.2 ಮೀಟರ್ ಮೀರಬಾರದು ಎಂಬುದು ನಿಮ್ಮ ನಿಯಮವಾದರೆ ಭಾಗಿಸಿದಾಗ 3.88 ಬರುತ್ತದೆ. ಅದನ್ನು 4ಕ್ಕೆ ಏರಿಸಬೇಕು. ಆಗ ಪ್ರತಿ ಅಂತರ 1.164 ಮೀಟರ್, ನಾಲ್ಕು ಅಂತರಕ್ಕೆ ಎರಡೂ ತುದಿ ಸೇರಿ ಪರ್ಲಿನ್ ಒಂದು ಬದಿಗೆ 5. ನೀವು ಯೋಚಿಸದೆ ಮಾಡುವ ಈ ‘ಮೇಲಕ್ಕೆ ಏರಿಸುವುದು’ ಕೋಡಿನಲ್ಲಿ ತಪ್ಪಿದರೆ ಮಳೆಗಾಲದ ಗಾಳಿಗೆ ನಿಲ್ಲಬೇಕಾದ ಮಾಡಿನಲ್ಲಿ ಒಂದು ಸಾಲು ಪೈಪೇ ಕಡಿಮೆಯಾಗುತ್ತದೆ. ಲೆಕ್ಕ ಮಾಡುವ ಭಾಗವನ್ನೂ ಗೆರೆ ಎಳೆಯುವ ಭಾಗವನ್ನೂ ಬೇರೆ ಬೇರೆ ಬರೆಯಿರಿ ಎನ್ನುವುದು ಇದಕ್ಕೇ. ಕಟಿಂಗ್ ಲಿಸ್ಟೂ ಅದೇ ಲೆಕ್ಕದಿಂದ ಬರಲಿ.

ಪ್ರಶ್ನೆ (ಅವರೇ): ನಮ್ಮಲ್ಲಿರುವುದು ಆಟೋಕ್ಯಾಡಿನ ಕಡಿಮೆ ಸೌಲಭ್ಯದ ರೂಪವಾದ ಎಲ್‌ಟಿ 2021, ನಡೆಯುತ್ತದಾ? ಇನ್ನೊಂದು, ಅಳತೆಯವರು ಕೆಲವೊಮ್ಮೆ ಅಡಿ-ಇಂಚಿನಲ್ಲಿ ಬರೆಯುತ್ತಾರೆ.

ಉತ್ತರ: ನಡೆಯುತ್ತದೆ. ಎಲ್‌ಟಿಯಲ್ಲಿ ಲಿಸ್ಪ್ ಓಡುವುದು 2024ರ ಆವೃತ್ತಿಯಿಂದ ಮಾತ್ರ, ಹಾಗಾಗಿ ನಿಮಗೆ ಆ ದಾರಿ ಇರಲೇ ಇಲ್ಲ. ಡಿಎಕ್ಸ್‌ಎಫ್ ಫೈಲನ್ನು ಎಲ್‌ಟಿ ಯಾವ ತಕರಾರೂ ಇಲ್ಲದೆ ತೆರೆಯುತ್ತದೆ. ಅಡಿ-ಇಂಚನ್ನು ಡೇಟಾಬೇಸಿಗೆ ಹೋಗುವಾಗಲೇ ಮಿಲಿಮೀಟರ್ ಮಾಡಿಸಿ, ಇಂಚಿಗೆ 25.4. ಅಕ್ಷರ ಹಾಕಲು ಬಿಡದ ಸಂಖ್ಯೆಯ ಕಾಲಮ್ಮೇ ಇರಲಿ. ಲೇಯರ್, ಟೈಟಲ್ ಬ್ಲಾಕ್, ಡೈಮೆನ್ಶನ್ ಸ್ಟೈಲ್ ಇರುವ ಒಂದು ಖಾಲಿ ಡ್ರಾಯಿಂಗನ್ನು ಡಿಎಕ್ಸ್‌ಎಫ್ ಆಗಿ ಸೇವ್ ಮಾಡಿಟ್ಟುಕೊಂಡು ಪ್ರತಿ ಸಲ ಅದರಿಂದಲೇ ಶುರುಮಾಡಿ. ಕೋಡಿನಲ್ಲಿ ಡೈಮೆನ್ಶನ್ ಸೇರಿಸಿದ ಮೇಲೆ ಅದನ್ನು ಬಿಡಿಸುವ ರೆಂಡರ್ ಎಂಬ ಫಂಕ್ಷನ್ ಕರೆಯಲು ಮರೆಯಬೇಡಿ, ಮರೆತರೆ ಅದು ಪರದೆಯಲ್ಲಿ ಕಾಣುವುದೇ ಇಲ್ಲ.

ಪ್ರಶ್ನೆ (ಮಂಗಳೂರು): ಮೇಡಂ, ನಾನು ಆರ್ಕಿಟೆಕ್ಟ್ ಆಫೀಸಿನಲ್ಲಿ ವರ್ಷಗಳಿಂದ ಲಿಸ್ಪ್ ಬರೆಯುತ್ತಿದ್ದೇನೆ. ಬಿಟ್ಟುಬಿಡಬೇಕಾ?

ಉತ್ತರ: ಖಂಡಿತ ಬೇಡ. 1986ರಿಂದ ಬಂದ ಭಾಷೆ ಅದು, ಆಗ ಬರೆದ ಎಷ್ಟೋ ಕೋಡ್ ಈಗಲೂ ಓಡುತ್ತದೆ. ತೆರೆದಿರುವ ಡ್ರಾಯಿಂಗಿನಲ್ಲಿ ಬಾಗಿಲು-ಕಿಟಕಿಯ ಬ್ಲಾಕ್ ಆರಿಸಿ ಅಟ್ರಿಬ್ಯೂಟ್ (ಅದಕ್ಕೆ ಅಂಟಿಸಿದ ಬರಹ) ತಿದ್ದುವಂಥ ಕೆಲಸಕ್ಕೆ ನಾನೂ ಲಿಸ್ಪನ್ನೇ ಹಿಡಿಯುವುದು. ಈಜಿಡಿಎಕ್ಸ್‌ಎಫ್ ಆಟೋಕ್ಯಾಡಿನ ಮಾಮೂಲಿ ಫೈಲಾದ ಡಿಡಬ್ಲ್ಯುಜಿಯನ್ನು ನೇರವಾಗಿ ಓದುವುದೂ ಇಲ್ಲ.

ಉಡುಪಿಯವರೇ, ಕಳೆದ ವರ್ಷ ಮುಗಿಸಿದ ಮೂರು ಮನೆಗಳ ಅಳತೆ ಕೊಟ್ಟು ನಿಮ್ಮ ಪ್ರೋಗ್ರಾಂ ಓಡಿಸಿ. ಕೈಯಲ್ಲಿ ಬಿಡಿಸಿದ ಹಳೆಯ ಡ್ರಾಯಿಂಗಿನ ಮೇಲೆ ಹೊಸದನ್ನಿಟ್ಟಾಗ ಗೆರೆಗೆ ಗೆರೆ ಕೂಡಿದರೆ ಮಾತ್ರ ವರ್ಕ್‌ಶಾಪಿಗೆ ಕೊಡಿ.